ಸೀತಾಬಾಯಿ ಬಿಚ್ಚಿದ ಕುಂಚಿಗೆ

ಸೀತಾಬಾಯಿ ತನ್ನ ತಪ್ಪನ್ನು ಒಪ್ಪಿಕೊಳ್ಳುವ ಹೆಂಗಸಲ್ಲ. ಇನ್ನೊಬ್ಬರ ತಪ್ಪನ್ನು ಸುಮ್ಮನೆ ಬಿಡುವ ಹೆಂಗಸೂ ಅಲ್ಲ. ಇವೆರಡೂ ಗುಣ ಒಬ್ಬರಲ್ಲೇ ಸೇರಿದರೆ ಜೊತೆಗಿರುವವರಿಗೆ ಬಹಳ ಕಷ್ಟ. ಬೇಕಾದರೆ ಆಕೆಯ ಗಂಡ ಗೋಪೀನಾಥರನ್ನು ಕೇಳಬಹುದು. ನೀರಾವರಿ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದ ಅವರು ಸಾರಿಗೆ ಉಪ್ಪು ಹೆಚ್ಚಾಯಿತು ಎಂದು ಒಮ್ಮೆ ಹೇಳಿದ್ದರಂತೆ. "ನಿಮ್ಮ ನಾಲಿಗೆಗೆ ಜ್ವರ ಬಂದದ, ಡಾಕ್ಟ್ರಿಗೆ ತೋರಿಸ್ಕೊಳ್ರಿ" ಎಂದು ಉತ್ತರ ಬಂತು. ಅವರು ನಿಜವಾಗಿಯೂ ನನ್ನ ಬಳಿ ಬಂದು ನಾಲಿಗೆ ಚಾಚಿದರು. ನಾನು ಮಕ್ಕಳ ವೈದ್ಯೆ, ಆದರೂ ನೋಡಿ ಕಳಿಸಿದೆ. ನಾಲಿಗೆ ಸರಿಯಾಗಿಯೇ ಇತ್ತು.

ಆಕೆ ಹುಟ್ಟಿದ್ದು ಕಂಪ್ಲಿಯಲ್ಲಿ. ತಂದೆ ಶಾಲೆಯಲ್ಲಿ ಹೆಡ್‌ಮಾಸ್ತರು, ಮನೆಯಲ್ಲೂ ಹೆಡ್‌ಮಾಸ್ತರೇ. ಗಣಿತ ಓದಿ, ಮದುವೆಯಾಗಿ ಹೊಸಪೇಟೆಗೆ ಬಂದು, ಇಲ್ಲಿನ ಒಂದು ಹೈಸ್ಕೂಲಿನಲ್ಲಿ ನಿವೃತ್ತಿಯವರೆಗೂ ಗಣಿತ ಕಲಿಸಿದಳು. ಉತ್ತರ ಸರಿಯಿದ್ದರೂ ದಾರಿ ತಪ್ಪಿದ್ದರೆ ಆಕೆ ಅಂಕ ಕೊಡುತ್ತಿರಲಿಲ್ಲ. ಆಕೆಯ ಹತ್ತಿರ ಕಲಿತ ಹುಡುಗಿಯರು ಈಗ ಅಜ್ಜಿಯರಾಗಿದ್ದಾರೆ. ಬಜಾರಿನಲ್ಲಿ ಎದುರಾದರೆ ಈಗಲೂ ಸೆರಗು ಸರಿಮಾಡಿಕೊಳ್ಳುತ್ತಾರೆ.

ಹೆಣಿಗೆ ಕಲಿತದ್ದು ಬಳ್ಳಾರಿಯ ಹಾಸ್ಟೆಲಿನಲ್ಲಿ. ನಮ್ಮ ಬಿಸಿಲಿಗೆ ಉಲ್ಲನ್ ಹೆಣೆಯುವುದು ನಗೆಪಾಟಲಿನ ಕೆಲಸ. "ಮೇ ತಿಂಗ್ಳಾಗ ಇಕಿ ತೊಡಿಮ್ಯಾಲೆ ಉಲ್ಲನ್ ಇಟ್ಕೊಂಡು ಕುಂತ್ರ ನೋಡೋರಿಗೆ ಬೆವರು ಬರ್ತದ" ಎನ್ನುತ್ತಿದ್ದರು ಗೋಪೀನಾಥರು. ಆದರೆ ಅತ್ತೆಯ ಕಾಲದ ಆ ಮಡಿಯ ಮನೆಯಲ್ಲಿ ಸೊಸೆಯ ಕೈಗೆ ದೊರೆತ ಒಂದೇ ಬಿಡುವಿನ ಕೆಲಸ ಅದು. ಉಣ್ಣೆಗೆ ಮೈಲಿಗೆ ಇಲ್ಲವೆಂದು ಅತ್ತೆ ಒಪ್ಪಿದ್ದರು. ಈಗಿನ ಉಲ್ಲನ್ನಿನಲ್ಲಿ ಕುರಿಯ ಪಾಲೆಷ್ಟು, ಕಾರ್ಖಾನೆಯ ಪಾಲೆಷ್ಟು ಎಂದು ಅವರಿಗೆ ಯಾರೂ ಹೇಳಲಿಲ್ಲ.

ಗೆಳತಿ ಮಾಧವಿಯ ಮನೆಯ ಪಡಸಾಲೆಯಲ್ಲಿ ಪ್ರತಿ ಬುಧವಾರ ನಾವು ಕೆಲವು ಹೆಂಗಸರು ಸೇರಿ ಹೆಣೆಯಲು ಶುರುಮಾಡಿದಾಗ ಸೀತಾಬಾಯಿ ಬಂದದ್ದು ಸಹಜವೇ. ನಮ್ಮ ಕೆಲಸಕ್ಕೆ ಒಂದು ಕಾರಣವಿತ್ತು. ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಹೊಸಪೇಟೆಯ ಸೆಖೆಯೂ ಸಾಲದು. ಅದರ ಮೈಯ ಶಾಖ ತಲೆಯಿಂದಲೇ ಸೋರಿಹೋಗುತ್ತದೆ. ನಾನು ಹಿಂದೆ ಕೆಲಸ ಮಾಡಿದ್ದ ಸರಕಾರಿ ಆಸ್ಪತ್ರೆಯ ಎಳೆಗೂಸುಗಳ ವಾರ್ಡಿಗೆ ಟೊಪ್ಪಿಗೆ, ಕಾಲುಚೀಲ ಹೆಣೆದು ಕೊಡುತ್ತಿದ್ದೆವು. ಉಳಿದ ಶಾಲು, ಕುಂಚಿಗೆ, ಆನೆ ಗೊಂಬೆಗಳನ್ನು ಚಳಿಗಾಲದಲ್ಲಿ ಹಂಪಿಗೆ ಬರುವ ಪ್ರವಾಸಿಗರಿಗೆ ಮಾರಿ, ಬಂದ ಹಣದಲ್ಲಿ ವಾರ್ಡಿಗೆ ಬೇಕಾದದ್ದನ್ನು ಕೊಡಿಸುತ್ತಿದ್ದೆವು. ಈ ಸಲ ಕೂಸುಗಳನ್ನು ಬೆಚ್ಚಗಿಡುವ ವಾರ್ಮರ್ ಕೊಡಿಸುವ ಯೋಚನೆಯಿತ್ತು.

ಹೆಣೆದದ್ದನ್ನೆಲ್ಲ ಒಂದು ಬುಟ್ಟಿಗೆ ಹಾಕುವುದು, ಬುಟ್ಟಿ ಸೀತಾಬಾಯಿಯ ಮನೆಗೆ ಹೋಗುವುದು, ಆಕೆ ತಪ್ಪು ತಿದ್ದಿ ಮರುವಾರ ತರುವುದು. ಇದು ನಮ್ಮ ಪದ್ಧತಿ. ಯಾರು ಮಾಡಿದ ಪದ್ಧತಿ ಎಂದು ಕೇಳಬೇಡಿ. ಒಂದು ಕುಣಿಕೆ ಜಾರಿದ್ದರೂ ಆ ಸಾಲಿನತನಕ ಬಿಚ್ಚುತ್ತಿದ್ದಳು. ಮಾಧವಿ ಎರಡು ತಿಂಗಳು ಹೆಣೆದ ಶಾಲು ಒಮ್ಮೆ ಉಂಡೆಯಾಗಿ ಮರಳಿ ಬಂತು. "ದಾರ ಚೊಲೋ ಅದ. ಮತ್ತ ಶುರು ಮಾಡ್ರಿ" ಎಂದಳು. ಸೊಂಟಕ್ಕೆ ಒಂದು ಪುಟ್ಟ ಕತ್ತರಿಯನ್ನು ಟೇಪಿನಲ್ಲಿ ಕಟ್ಟಿಕೊಂಡಿರುತ್ತಿದ್ದಳು. ಯಾರಾದರೂ ದಾರವನ್ನು ಹಲ್ಲಿನಿಂದ ಕಡಿದರೆ ಆ ಕತ್ತರಿ ಮೂಗಿನ ಮುಂದೆ ಬರುತ್ತಿತ್ತು. "ಎಂಜಲು ಮಾಡಬ್ಯಾಡ್ರಿ. ದೇವರು ಕತ್ತರಿ ಯಾಕ ಕೊಟ್ಟಾನ?"

ಕಳೆದ ಕಾರ್ತಿಕದಲ್ಲಿ ಬಂಡ್ರಿಯ ವಿರುಪಮ್ಮ ಈ ಪಡಸಾಲೆಗೆ ಬಂದಳು. ಆಕೆಯ ಮಗಳು ಹೇಮಾಗೆ ಏಳು ತಿಂಗಳಿಗೇ ಹೆರಿಗೆಯಾಗಿತ್ತು. ಕೂಸು ಹೆಣ್ಣು. ಎರಡೂ ಅಂಗೈಯಲ್ಲಿ ಹಿಡಿಸುವಷ್ಟಿತ್ತು. ಹೇಮಾ ಹಾಲು ಹಿಂಡಿ ಕೊಡಲು ಒಳಗೆ ಇರುತ್ತಿದ್ದಳು, ವಿರುಪಮ್ಮ ಹೊರಗಿನ ಮೊಗಸಾಲೆಯಲ್ಲಿ ಚಾಪೆ ಹಾಸಿ ಕೂತಿರುತ್ತಿದ್ದಳು. ಟೊಪ್ಪಿಗೆ ಕೊಡಲು ಹೋದ ಮಾಧವಿ ಆಕೆಯ ಕೈಗೆ ಎರಡು ಬಿದಿರಿನ ಕಡ್ಡಿ, ಒಂದು ನೀಲಿ ಉಂಡೆ ಕೊಟ್ಟು ನೇರ ಹೆಣಿಗೆ ತೋರಿಸಿಕೊಟ್ಟಳು. ಹೊತ್ತು ಹೋಗಲಿ ಎಂಬುದಷ್ಟೇ ಉದ್ದೇಶ. ಮಾಧವಿಯ ಮನೆ ಆಸ್ಪತ್ರೆಯ ಹಿಂದಿನ ಬೀದಿಯಲ್ಲೇ ಇದ್ದುದರಿಂದ ಬುಧವಾರ ಅಲ್ಲಿಗೂ ಬರತೊಡಗಿದಳು. ವಾರ್ಡಿನ ಆಯಾ ಜಂಬಕ್ಕ ಟೊಪ್ಪಿಗೆಗಳನ್ನು ಒಯ್ಯಲು ಬರುವಾಗ ಆಕೆಯನ್ನೂ ಕರೆತರುತ್ತಿದ್ದಳು.

ವಿರುಪಮ್ಮ ಹೆಣೆಯುತ್ತಿದ್ದುದು ಕುಂಚಿಗೆ. ತಲೆಗೆ ಟೊಪ್ಪಿಗೆ, ಬೆನ್ನಿಗೆ ಇಳಿಬಿಟ್ಟ ಹೊದಿಕೆ, ಎರಡೂ ಒಂದೇ ಆಗಿರುವ ನಮ್ಮ ಕಡೆಯ ಕೂಸಿನ ಉಡುಪು. ಹೆಣಿಗೆ ಸೊಟ್ಟಗಿತ್ತು. ಕೆಲವು ಸಾಲಿಗೊಂದು ಗಂಟಿತ್ತು. ಬಂದು ಕೂತವಳೇ ದಾರವನ್ನು ಹಲ್ಲಿನಿಂದ ಕಡಿದು, ನಡುವಿನಲ್ಲೇ ಗಂಟು ಹಾಕಿ ಮುಂದುವರಿಸುತ್ತಿದ್ದಳು. ಹೆಣೆಯುವವರು ದಾರ ಮುಗಿದರೂ ಸಾಲಿನ ನಡುವೆ ಗಂಟು ಹಾಕುವುದಿಲ್ಲ. ಇವಳು ಮುಗಿಯದ ದಾರವನ್ನೇ ಕಡಿಯುತ್ತಿದ್ದಳು.

"ಏ ವಿರುಪಮ್ಮಾ, ಇಲ್ಲಿ ಕತ್ತರಿ ಅದ, ಕಾಣ್ತದಿಲ್ಲ?" ಎಂದಳು ಸೀತಾಬಾಯಿ.

"ಇದಕ್ಕ ಕತ್ತರಿ ತಾಗಿಸಂಗಿಲ್ರಿ ಅಮ್ಮಾರೆ" ಎಂದಳು ವಿರುಪಮ್ಮ.

"ಯಾಕ?"

ವಿರುಪಮ್ಮ ನಕ್ಕು ಮುಂದಿನ ಸಾಲು ಹಿಡಿದಳು. ಹಳ್ಳಿಯವರ ಹಟ ಎಂದು ಸೀತಾಬಾಯಿ ಕತ್ತರಿಯನ್ನು ಮತ್ತೆ ಸೊಂಟಕ್ಕೆ ಇಳಿಬಿಟ್ಟಳು.

ಮುಂದಿನ ಬುಧವಾರ ಹೇಮಾ ತಲೆಸುತ್ತಿ ಬಿದ್ದಳೆಂದು ಯಾರೋ ಬಂದು ಕರೆದರು. ವಿರುಪಮ್ಮ ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಓಡಿದಳು. ಹೇಮಾಗೆ ಏನೂ ಆಗಿರಲಿಲ್ಲ, ಊಟ ಮಾಡಿರಲಿಲ್ಲ ಅಷ್ಟೆ. ಆದರೆ ಹೊರಡುವಾಗ ಮಾಧವಿ ಚಾಪೆಯ ಮೇಲಿದ್ದುದನ್ನೆಲ್ಲ ಬಾಚಿ ಬುಟ್ಟಿಗೆ ಹಾಕಿದಳು. ಬುಟ್ಟಿ ಎಂದಿನಂತೆ ಸೀತಾಬಾಯಿಯ ಮನೆಗೆ ಹೋಯಿತು. ಮರುದಿನ ಕೇಳಲು ಬಂದ ವಿರುಪಮ್ಮನಿಗೆ ಮಾಧವಿ, ಬುಧವಾರ ಬರುತ್ತದೆ ಎಂದು ಹೇಳಿ ಕಳಿಸಿದಳು.

ಮರುವಾರ ಸೀತಾಬಾಯಿ ಬಂದಾಗ ಆಕೆಯ ಮುಖದಲ್ಲಿ ಅಪರೂಪದ ಸಂತೋಷವಿತ್ತು. ಬುಟ್ಟಿಯಿಂದ ನೀಲಿ ಕುಂಚಿಗೆಯನ್ನು ತೆಗೆದು ವಿರುಪಮ್ಮನ ತೊಡೆಯ ಮೇಲೆ ಹರವಿದಳು. ಸೊಟ್ಟ ಹೋಗಿತ್ತು. ಅಂಚು ಗೆರೆ ಎಳೆದಂತಿತ್ತು. ಇಡೀ ಹೆಣಿಗೆಯಲ್ಲಿ ಒಂದು ಗಂಟೂ ಸಿಗುತ್ತಿರಲಿಲ್ಲ.

"ನೋಡು, ಈಗ ಹೆಂಗದ?"

ವಿರುಪಮ್ಮ ಕುಂಚಿಗೆಯ ಮೇಲೆ ಬೆರಳಾಡಿಸಿದಳು. ಗಣಿಯಲ್ಲಿ ಅದಿರು ಆರಿಸಿ ಒರಟಾದ ಬೆರಳುಗಳು. ಒಂದು ಸಲ ಈ ಕಡೆಯಿಂದ, ಇನ್ನೊಂದು ಸಲ ಆ ಕಡೆಯಿಂದ.

"ಗಂಟು ಎಲ್ಲಿ ಹೋದ್ವುರಿ ಅಮ್ಮಾರೆ?"

"ಬಿಚ್ಚಿದೆ. ಎಲ್ಲಾ ಬಿಚ್ಚಿ ಹೊಸದಾಗಿ ಹಾಕಿ ಮುಗಿಸೀನಿ. ಅಷ್ಟು ಗಂಟಿದ್ರ ಕೂಸಿನ ನೆತ್ತಿಗೆ ಚುಚ್ಚತದ."

"ಆತು ಬಿಡ್ರಿ" ಎಂದು ವಿರುಪಮ್ಮ ಕುಂಚಿಗೆಯನ್ನು ಮಡಚಿ ಚಾಪೆಯ ಮೇಲಿಟ್ಟಳು. ಎದ್ದು ಹೋದಳು. ಚಪ್ಪಲಿ ಹಾಕಿಕೊಂಡಳೋ ಇಲ್ಲವೋ ಎಂದು ನೋಡುವಷ್ಟರಲ್ಲಿ ಗೇಟು ದಾಟಿದ್ದಳು.

"ಥ್ಯಾಂಕ್ಸ್ ಅನ್ನೋದು ಗೊತ್ತಿಲ್ಲ ಈ ಮಂದಿಗೆ" ಎಂದಳು ಸೀತಾಬಾಯಿ.

ಟೊಪ್ಪಿಗೆಗಳನ್ನು ಚೀಲಕ್ಕೆ ತುಂಬುತ್ತಿದ್ದ ಜಂಬಕ್ಕ ತಲೆ ಎತ್ತಿದಳು. "ಅಮ್ಮಾರೆ, ಅದು ಮುಡುಪು ಇತ್ರಿ. ಮುಂಜಾನೆ ಕೂಸಿನ ಮುಖ ನೋಡಿ ಬಂದು ದಿನಾ ಒಂದು ಗಂಟು ಹಾಕ್ತಿದ್ಳು. ಕೂಸು ಮನೀಗೆ ಹೋದ ದಿವ್ಸ ಅದನ್ನ ಊರಮ್ಮನ ಪಾದಕ್ಕ ಮುಟ್ಟಸ್ತೀನಿ ಅಂತ ಬೇಡ್ಕೊಂಡಾಳ. ಅದಕ್ಕ ಕಬ್ಬಿಣ ತಾಗಸ್ತಿದ್ದಿಲ್ಲ."



"ಮೊದ್ಲ ಹೇಳ್ಬೇಕಿತ್ತು" ಎಂದಳು ಸೀತಾಬಾಯಿ.

"ಮುಡುಪನ್ನ ಯಾರಾರ ಡಂಗುರ ಹೊಡ್ಕೊಂಡು ಕಟ್ತಾರೇನ್ರಿ?"

"ನಾ ಮಾಡಿದ್ದು ಸರಿ ಅದ. ಚರ್ಮಕ್ಕ ಗಂಟು ತಾಗಬಾರ್ದು. ಹೌದಲ್ರಿ ಡಾಕ್ಟ್ರೆ?"

ಹೌದು ಎಂದೆ. ವೈದ್ಯಶಾಸ್ತ್ರದ ಪ್ರಕಾರ ಅದು ಸರಿಯೇ. ಸೀತಾಬಾಯಿಯ ಮನೆಯ ದೇವರ ಕೋಣೆಯಲ್ಲಿ ಗೂಡಿನೊಳಗೆ ಅರಿಶಿನದ ಬಟ್ಟೆಯ ಒಂದು ಸಣ್ಣ ಗಂಟು ಇದೆ ಎಂಬುದೂ ನನಗೆ ಗೊತ್ತಿತ್ತು. ಗೋಪೀನಾಥರಿಗೆ ಎಳವೆಯಲ್ಲಿ ವಿಷಮಜ್ವರ ಬಂದಾಗ ಅತ್ತೆ ತಿರುಪತಿಯ ಸ್ವಾಮಿಗೆ ಕಟ್ಟಿದ ಮುಡುಪು. ತಿರುಪತಿಗೆ ಹೋಗುವುದು ಏನೇನೋ ಕಾರಣಕ್ಕೆ ತಪ್ಪಿತು. ಅತ್ತೆ ತೀರಿಕೊಂಡರು. ಗಂಟು ಹಾಗೆಯೇ ಉಳಿಯಿತು. ಮನೆಗೆ ಬಣ್ಣ ಹೊಡೆಸುವಾಗಲೂ ಸೀತಾಬಾಯಿ ಅದನ್ನು ತಾನೇ ಎತ್ತಿ, ಧೂಳು ಒರೆಸಿ, ತಾನೇ ಇಡುತ್ತಾಳೆ. ಒಳಗೆ ಏನಿದೆ ಎಂದು ಒಮ್ಮೆಯೂ ಬಿಚ್ಚಿ ನೋಡಿದವಳಲ್ಲ. ಆದ್ದರಿಂದ ಜಂಬಕ್ಕ ಹೇಳಿದ್ದರ ಅರ್ಥವನ್ನು ಆಕೆಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

ಆ ವಾರದ ಕೊನೆಗೆ ನಮ್ಮ ಮಾರಾಟ. ಹಂಪಿಯ ದಾರಿಯಲ್ಲಿ ಪರಿಚಯದವರ ಹೋಟೆಲಿನ ಅಂಗಳದಲ್ಲಿ ಮೇಜು ಹಾಕಿದ್ದೆವು. ವಿರುಪಮ್ಮ ಬಿಟ್ಟುಹೋದ ನೀಲಿ ಕುಂಚಿಗೆಯನ್ನು, ಇನ್ನು ಅದು ಮುಡುಪಲ್ಲವೆಂದು, ಮಾಧವಿ ಎಲ್ಲಕ್ಕಿಂತ ಮುಂದೆ ಇಟ್ಟಿದ್ದಳು. ಸಂಡೂರಿನ ಗಣಿ ಅಧಿಕಾರಿಯೊಬ್ಬರ ಹೆಂಡತಿ ಕಾರಿನಿಂದ ಇಳಿದವಳೇ ಅದನ್ನು ಕೈಗೆತ್ತಿಕೊಂಡಳು.

"ಎಷ್ಟ್ ನೀಟಾಗಿದೆ! ಇದು ನನ್ನ ಮೊಮ್ಮಗನಿಗೆ."

"ಅದು ಮಾರೋದಲ್ಲ" ಎಂದಳು ಸೀತಾಬಾಯಿ.

"ಮೇಜಿನ ಮೇಲೆ ಇಟ್ಟಿದ್ದೀರಲ್ಲ?"

"ಇಟ್ಟದ್ದು ತಪ್ಪು." ಇಟ್ಟವಳು ಮಾಧವಿ. ಆದ್ದರಿಂದ ಹೇಳಲು ಕಷ್ಟವಾಗಲಿಲ್ಲ. ಕುಂಚಿಗೆಯನ್ನು ಆ ಹೆಂಗಸಿನ ಕೈಯಿಂದಲೇ ತೆಗೆದು ತನ್ನ ಚೀಲಕ್ಕೆ ಹಾಕಿಕೊಂಡಳು. ಆಕೆ ಎರಡು ಆನೆ ಕೊಂಡು ಮುಖ ಗಂಟಿಕ್ಕಿಕೊಂಡು ಹೋದಳು.

"ಏನ್ರೀ ಸೀತಾಬಾಯಿ, ಭಾರೀ ಗಿರಾಕಿ ಬಿಟ್ರಿ. ಅಕಿ ಇಡೀ ಮೇಜು ಕೊಳ್ತಿದ್ಳು" ಎಂದಳು ಮಾಧವಿ. ಅಷ್ಟರಲ್ಲಿ ಆಕೆಯ ಫೋನು ಹೊಡೆದುಕೊಂಡಿತು. ವಾರ್ಡಿನಿಂದ ಜಂಬಕ್ಕ. ಹೇಮಾಳ ಕೂಸು ಉಸಿರಾಡುವುದನ್ನು ಮರೆಯುತ್ತಿದೆ, ನೀಲಿಗಟ್ಟುತ್ತಿದೆ, ಮೂಗಿಗೆ ನಳಿಕೆ ಹಾಕಿದ್ದಾರೆ.

"ಯಾವಾಗಿಂದ?" ಎಂದಳು ಸೀತಾಬಾಯಿ.

ಮಾಧವಿ ಕೇಳಿ ಹೇಳಿದಳು. "ಗುರುವಾರದಿಂದಂತ."

ನಾನು ಅಲ್ಲೇ ವಿವರಿಸಿದೆ. ಆ ತೂಕದ ಕೂಸಿಗೆ ರಕ್ತದಲ್ಲಿ ಸೋಂಕು ಆಗುವುದು ಸಾಮಾನ್ಯ. ಸೋಂಕಾದರೆ ಉಸಿರು ನಿಂತು ನಿಂತು ಹೋಗುತ್ತದೆ. ಔಷಧಿ ಇದೆ. ಕೆಲವು ಕೂಸು ಉಳಿಯುತ್ತವೆ, ಕೆಲವು ಉಳಿಯುವುದಿಲ್ಲ. ಬುಧವಾರ ಏನೇ ನಡೆದಿದ್ದರೂ ಗುರುವಾರ ಇದು ಆಗುವುದಿತ್ತು.

"ನಂಗೊತ್ತದ. ನಾ ಏನರ ಕೇಳ್ದೆನಾ?" ಎಂದಳು ಸೀತಾಬಾಯಿ. ಮಾರಾಟ ಮುಗಿಯುವವರೆಗೂ ಚಿಲ್ಲರೆ ಕೊಡುವಾಗ ತಪ್ಪು ಮಾಡುತ್ತಲೇ ಇದ್ದಳು.

ಎರಡು ದಿನ ಬಿಟ್ಟು ಗೋಪೀನಾಥರು ನಮ್ಮ ಮನೆಗೆ ಬಂದರು. ಕಾಫಿಯನ್ನೂ ಮುಟ್ಟಲಿಲ್ಲ.

"ಡಾಕ್ಟ್ರೆ, ನಮ್ಮಾಕಿಗೆ ಏನೋ ಆಗೇದ. ನಿನ್ನೆ ಸಾರಿಗೆ ಉಪ್ಪು ಹೆಚ್ಚಾತು ಅಂದೆ. 'ಹೌದು, ಹೆಚ್ಚಾಗೇದ' ಅಂದ್ಲು."

"ಒಳ್ಳೇದೇ ಆಯ್ತಲ್ಲ?"

"ಏನ್ ಒಳ್ಳೇದ್ರಿ? ಮದಿವ್ಯಾದಾಗಿಂದ ಇಂಥಾ ಮಾತು ಕೇಳಿಲ್ಲ ನಾನು. ದೇವರ ಕೋಣಿಗೆ ಹೋದ್ರ ಹೊರಗ ಬರೋದಿಲ್ಲ. ಆ ಗೂಡು ನೋಡ್ಕೋತ ಕೂಡ್ತಾಳ. ಹಂಪಿಗೆ ಹೋಗಿ ಹನುಮಪ್ಪಗ ಆ ಕೂಸಿನ ಹೆಸರಿಲೆ ಅರ್ಚನಿ ಮಾಡಿಸ್ಕೊಂಡು ಬಂದ್ಲು. ಕೂಸಿಗೆ ಇನ್ನೂ ಹೆಸರೇ ಇಟ್ಟಿಲ್ಲಂತ. ಪೂಜಾರಿ ಮುಂದ ಏನ್ ಹೇಳಿದ್ಲೋ!"

ಉಪ್ಪಿನ ತಪ್ಪು ಒಪ್ಪುವುದು ಸುಲಭ ಎಂದುಕೊಂಡೆ ನಾನು. ಒಪ್ಪಬೇಕಾದ ತಪ್ಪು ಬೇರೆ ಕಡೆ, ಆಸ್ಪತ್ರೆಯ ಮೊಗಸಾಲೆಯಲ್ಲಿ, ಚಾಪೆ ಹಾಸಿಕೊಂಡು ಕೂತಿತ್ತು.

ಮರುದಿನ ಸೀತಾಬಾಯಿ ಬಂದು, "ನೀವು ಜೊತೆಗಿದ್ರ ವಾರ್ಡಿನ ತನಕ ಬಿಡ್ತಾರ, ನಡೀರಿ" ಎಂದಳು. ಹೋದೆವು. ವಿರುಪಮ್ಮ ಗೋಡೆಗೆ ಒರಗಿ ಕೂತಿದ್ದಳು. ನಮ್ಮನ್ನು ಕಂಡು ಏಳಲು ಹೋದಳು, ಬೇಡವೆಂದೆ. ಕಡ್ಡಿಗಳು ಪಕ್ಕದಲ್ಲಿ ಬರಿದಾಗಿ ಬಿದ್ದಿದ್ದವು.

ಸೀತಾಬಾಯಿ ನಿಂತೇ ಇದ್ದಳು. ಚೀಲದಿಂದ ಕುಂಚಿಗೆ ತೆಗೆದಳು. ಪಾಠ ಹೇಳುವ ದನಿಯಲ್ಲಿ ಶುರುಮಾಡಿದಳು. "ನೋಡು ವಿರುಪಮ್ಮಾ, ದಾರ ಅಲ್ಲಲ್ಲಿ ತುಂಡಾಗಿತ್ತು. ಹಂಗ ಬಿಟ್ಟಿದ್ರ ಒಂದು ಕಡೆ ಎಳದ್ರ ಎಲ್ಲಾ ಬಿಚ್ಚಿಕೋತಿತ್ತು. ಅದಕ್ಕ ನಾ..."

"ಹೌದ್ರಿ."

"ಗಂಟು ಯಾಕ ಅಂತ ನಂಗ ಯಾರೂ ಹೇಳಿರ್ಲಿಲ್ಲ."

"ಹೌದ್ರಿ ಅಮ್ಮಾರೆ. ನೀವು ಹಾಕಿದ್ದು ಭಾಳ ಚಂದ ಐತಿ. ಅಂಗಡ್ಯಾಗಿನದರ ಹಂಗ ಐತಿ."

"ಮತ್ತ ಯಾಕ ಬಿಟ್ಟು ಬಂದಿ?"

"ಅದು ನಿಮ್ದಾತಲ್ರಿ. ನಂದು ಬಿಚ್ಚಿ ಹೋತು."

ಸೀತಾಬಾಯಿಯ ಕೈಯಲ್ಲಿ ಕುಂಚಿಗೆ ಹಾಗೆಯೇ ಇತ್ತು. "ಹಂಗಾರ ಮತ್ತ ಹಾಕು. ಬೇಕಾದಷ್ಟು ದಾರ ಕೊಡ್ತೀನಿ."

"ನಾ ಹಾಕಿದ್ರ ನಡೆಯಂಗಿಲ್ರಿ. ಬಿಚ್ಚಿದ ಕೈಯೇ ಕಟ್ಟಬೇಕಂತಾರ ನಮ್ಮ ಕಡೆ." ವಿರುಪಮ್ಮ ಮೊದಲ ಸಲ ತಲೆ ಎತ್ತಿ ಆಕೆಯ ಮುಖ ನೋಡಿದಳು. ಅದರಲ್ಲಿ ಚುಚ್ಚುಮಾತು ಇರಲಿಲ್ಲ, ನಿಜವಾಗಿಯೂ ತಿಳಿಯಲೆಂದು ಕೇಳಿದಳು. "ನಿಮ್ಮಂಥೋರು ನಮ್ಮ ಊರಮ್ಮಗ ಕಟ್ತೀರೇನ್ರಿ?"

 ಸೀತಾಬಾಯಿಯ ಮನೆತನದಲ್ಲಿ ಕೋಳಿ ಕೊಯ್ಯುವ ಗುಡಿಯ ಪ್ರಸಾದ ಮುಟ್ಟಿದವರಿಲ್ಲ. ಕುಂಚಿಗೆಯನ್ನು ಚೀಲಕ್ಕೆ ಹಾಕಿಕೊಂಡು ತಿರುಗಿದಳು. ಮೆಟ್ಟಿಲು ಇಳಿಯುವಾಗ ಒಂದೇ ಮಾತು ಹೇಳಿದಳು. "ಎಷ್ಟು ಗಂಟು ಬಿಚ್ಚಿದೆನೋ, ಎಣಿಸೇ ಇಲ್ಲ ಡಾಕ್ಟ್ರೆ." ಜೀವಮಾನವಿಡೀ ಲೆಕ್ಕ ಕಲಿಸಿದವಳು.

ತಪ್ಪಾಯಿತು ಎಂಬ ಒಂದು ಶಬ್ದ ಅಲ್ಲಿ ಆಡಬಹುದಿತ್ತು. ಆಡಲಿಲ್ಲ. ಆಕೆಯ ಬಗ್ಗೆ ನಾನು ತಿಳಿದುಕೊಂಡಿದ್ದು ಸರಿಯಾಗಿಯೇ ಇದೆ ಎಂದುಕೊಂಡು ಆಟೋ ಹತ್ತಿದೆ. ಮುಂದಿನ ಬುಧವಾರ ಆಕೆ ಬರಲಿಲ್ಲ. ಬುಟ್ಟಿ ಮಾಧವಿಯ ಮನೆಯಲ್ಲೇ ಉಳಿಯಿತು. ತಪ್ಪುಗಳೆಲ್ಲ ಇದ್ದ ಹಾಗೇ ಟೊಪ್ಪಿಗೆಗಳು ವಾರ್ಡಿಗೆ ಹೋದವು. ಯಾವ ಕೂಸೂ ದೂರು ಹೇಳಲಿಲ್ಲ.

ವಾರ್ಮರ್ ಬಂದಿಳಿದ ದಿನ ಅದನ್ನು ಎಲ್ಲಿ ಇಡಬೇಕೆಂದು ತೋರಿಸಲು ನಾನು ಬೆಳಿಗ್ಗೆ ಬೇಗ ಆಸ್ಪತ್ರೆಗೆ ಹೋದೆ. ಮೊಗಸಾಲೆಯ ತುದಿಯಲ್ಲಿ ವಿರುಪಮ್ಮನ ಚಾಪೆ. ಚಾಪೆಯ ಒಂದು ಬದಿಗೆ ವಿರುಪಮ್ಮ, ಇನ್ನೊಂದು ಬದಿಗೆ ಕಾಲು ಮಡಚಿ ಸೀತಾಬಾಯಿ. ಕಂಡವರೆಲ್ಲ ಹಾದುಹೋಗುವ, ಫಿನಾಯಿಲ್ ಒರೆಸಿದ ನೆಲ. ಸ್ನಾನ ಮಾಡಿ ಬಂದಿದ್ದಳು, ಕೂದಲ ತುದಿ ಇನ್ನೂ ಒದ್ದೆಯಿತ್ತು. ಕೈಯಲ್ಲಿ ಕಡ್ಡಿಗಳು. ಅವಕ್ಕೆ ನೇತಾಡುತ್ತಿದ್ದ ನೀಲಿ ಹೆಣಿಗೆ ಇನ್ನೂ ಗೇಣುದ್ದವೂ ಆಗಿರಲಿಲ್ಲ, ಅಲ್ಲಲ್ಲಿ ಗಂಟು ಗಂಟಾಗಿತ್ತು. ತೊಡೆಯ ಮೇಲಿನ ದಾರ ಶಾವಿಗೆಯಂತೆ ಸುಕ್ಕುಗಟ್ಟಿತ್ತು. ಹೆಣೆದದ್ದನ್ನು ಬಿಚ್ಚಿದ ದಾರ ಹಾಗೆಯೇ ಇರುತ್ತದೆ. ಗೆರೆ ಎಳೆದಂಥ ಅಂಚಿನ ಆ ಕುಂಚಿಗೆಯನ್ನು ಆಕೆ ಬಿಚ್ಚಿದ್ದಳು.

ನನ್ನನ್ನು ಕಂಡಳು. ಮತ್ತೆ ಹೆಣಿಗೆಗೆ ತಲೆ ತಗ್ಗಿಸಿದಳು. 

ವಾರ್ಡಿನ ಬಾಗಿಲು ತೆರೆದು ಜಂಬಕ್ಕ ಇಣುಕಿದಳು. "ಏ ವಿರುಪಮ್ಮಾ, ನಳಿಕಿ ಇನ್ನೂ ತೆಗೆದಿಲ್ಲ. ಆದ್ರ ರಾತ್ರಿ ಒಮ್ಮಿನೂ ನೀಲಿಗಟ್ಟಿಲ್ಲಂತ. ಬಾ, ಮುಖ ನೋಡಿ ಹೋಗು."

ವಿರುಪಮ್ಮ ಒಳಗೆ ಹೋದಳು. ಸೀತಾಬಾಯಿ ಹೆಣಿಗೆ ನಿಲ್ಲಿಸಿ ಬಾಗಿಲನ್ನೇ ನೋಡುತ್ತ ಕೂತಳು. ಗಾಜಿನ ಆಚೆ ದೀಪದ ಕೆಳಗೆ ಆ ಕೂಸು ಮುಷ್ಟಿ ಕಟ್ಟಿ ಮಲಗಿತ್ತು. ಉಳಿಯುತ್ತದೋ ಇಲ್ಲವೋ ಆ ದಿನ ನಾನೂ ಹೇಳಲಾರದವಳಾಗಿದ್ದೆ.

ವಿರುಪಮ್ಮ ಹೊರಗೆ ಬಂದು, "ನೋಡಿ ಬಂದ್ನಿರಿ" ಎಂದಳು.

ಸೀತಾಬಾಯಿಯ ಸೊಂಟದಲ್ಲಿ ಕತ್ತರಿ ಎಂದಿನಂತೆ ನೇತಾಡುತ್ತಿತ್ತು. ಆಕೆ ನೀಲಿ ದಾರವನ್ನು ಬಾಯಿಗೆ ಒಯ್ದು ಹಲ್ಲಿನಿಂದ ಕಡಿದಳು. ಎರಡು ತುದಿಗಳನ್ನು ಸೇರಿಸಿ, ಸಾಲಿನ ನಡುವೆಯೇ ಒಂದು ಗಂಟು ಹಾಕಿ, ಎಳೆದು ಬಿಗಿದಳು. ಆಮೇಲೆ ಅದನ್ನು ವಿರುಪಮ್ಮನ ಮುಂದೆ ಹಿಡಿದಳು.

"ಗಟ್ಟಿ ಆಗೇದ ಏನು, ನೋಡು."